ಒಳ್ಳೆಯ ಕಾರು, ಕೆಟ್ಟ ಹೆಸರು: 2009ರ ಡೆಟ್ರಾಯಿಟ್ ಪ್ರಕರಣ

2009ರ ಮಾರ್ಚ್‌ನಲ್ಲಿ ಅಮೆರಿಕದ ಕಾರು ಲೋಕದಿಂದ ಎರಡು ಸುದ್ದಿ ಬಂದವು. ಎರಡೂ ಜನರಲ್ ಮೋಟಾರ್ಸ್‌ಗೆ, ಅಂದರೆ ಜಿಎಂಗೆ, ಸೇರಿದ್ದವು.

ಮೊದಲನೆಯದು ಜೆ.ಡಿ. ಪವರ್ ಸಮೀಕ್ಷೆ. ಮೂರು ವರ್ಷ ಓಡಿಸಿದ ಕಾರು ಎಷ್ಟು ಕಾಟ ಕೊಟ್ಟಿದೆ ಅಂತ ಮಾಲೀಕರನ್ನೇ ಕೇಳಿ ಮಾಡುವ ಪಟ್ಟಿ ಇದು. ಹದಿನಾಲ್ಕು ವರ್ಷ ಇದರ ತುದಿಯಲ್ಲಿ ಕೂತಿದ್ದದ್ದು ಟೊಯೋಟಾದ ಲೆಕ್ಸಸ್. ಆ ವರ್ಷ ಲೆಕ್ಸಸ್ ಕೆಳಗಿಳಿಯಿತು. ಬ್ಯೂಕ್ ಮತ್ತು ಜಾಗ್ವಾರ್ ಮೊದಲ ಸ್ಥಾನ ಹಂಚಿಕೊಂಡವು. ಬ್ಯೂಕ್ ಜಿಎಂನ ಬ್ರ್ಯಾಂಡ್. ಜಾಗ್ವಾರ್ ಆ ಹೊತ್ತಿಗೆ ನಮ್ಮ ಟಾಟಾ ಪಾಲಾಗಿತ್ತು ನಿಜ, ಆದರೆ ಸಮೀಕ್ಷೆಯಲ್ಲಿದ್ದ ಕಾರುಗಳು ಫೋರ್ಡ್ ಒಡೆತನದ ಕಾಲದಲ್ಲಿ ತಯಾರಾದವು.

ಎರಡನೆಯ ಸುದ್ದಿ ಮಾರ್ಚ್ 29ರದು. ಶ್ವೇತಭವನ ಹೇಳಿದ್ದಕ್ಕೆ ಜಿಎಂ ಮುಖ್ಯಸ್ಥ ರಿಕ್ ವ್ಯಾಗನರ್ ಕುರ್ಚಿ ಬಿಡಬೇಕಾಯಿತು. ಅಲ್ಲಿಂದ ಎರಡು ತಿಂಗಳಿಗೆ, ಜೂನ್ 1ಕ್ಕೆ, ಕಂಪನಿ ದಿವಾಳಿ ಅರ್ಜಿ ಹಾಕಿತು.

ಕಾರು ಮೊದಲ ಸ್ಥಾನದಲ್ಲಿ, ಕಂಪನಿ ಬೀದಿಯಲ್ಲಿ. ಇದು ಹೇಗೆ ಅನ್ನುವುದೇ ಈ ಪ್ರಕರಣ. ಆ ವರ್ಷ ಅಮೆರಿಕದ ಜನ ತಮ್ಮ ದೇಶದ ಕಾರುಗಳ ಬಗ್ಗೆ ಏನಂದುಕೊಂಡಿದ್ದರು, ಯಾಕೆ ಹಾಗೆ ಅಂದುಕೊಂಡಿದ್ದರು, ಅದರಲ್ಲಿ ಕಾರಿನ ಪಾಲೆಷ್ಟು? ನನ್ನ ಮಟ್ಟಿಗೆ ಉತ್ತರ ಹೀಗಿದೆ: ಕಾರಿನ ಪಾಲು ತುಂಬಾ ಕಡಿಮೆ. ಹಳೆಯ ನೆನಪು, ಮೇಲಿನವರ ಮೇಲಿನ ಸಿಟ್ಟು, ಕಂಪನಿ ಉಳಿಯುತ್ತದೋ ಇಲ್ಲವೋ ಅನ್ನುವ ಭಯ, ಈ ಮೂರೇ ಜಾಸ್ತಿ. ಮೂರರಲ್ಲೂ ಭಯದ್ದೇ ದೊಡ್ಡ ಪಾಲು.

ಮಾರುಕಟ್ಟೆಯ ಸ್ಥಿತಿ

2007ರಲ್ಲಿ ಅಮೆರಿಕದಲ್ಲಿ ಸುಮಾರು 1 ಕೋಟಿ 61 ಲಕ್ಷ ಹೊಸ ವಾಹನಗಳು ಮಾರಾಟವಾಗಿದ್ದವು. 2009ರಲ್ಲಿ ಅದು 1 ಕೋಟಿ 4 ಲಕ್ಷಕ್ಕೆ ಬಿತ್ತು. 2008ರ ಜೂನ್‌ನಲ್ಲಿ ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ ದಾಟಿತು. ದೊಡ್ಡ ಎಸ್‌ಯುವಿ, ಪಿಕಪ್‌ಗಳ ಲಾಭದ ಮೇಲೆ ಬದುಕಿದ್ದ ಡೆಟ್ರಾಯಿಟ್‌ಗೆ, ಅಂದರೆ ಜಿಎಂ, ಫೋರ್ಡ್, ಕ್ರೈಸ್ಲರ್ ಮೂರಕ್ಕೂ, ಮೊದಲ ಏಟು ಅಲ್ಲೇ ಬಿತ್ತು. ಸೆಪ್ಟೆಂಬರ್‌ನಲ್ಲಿ ಲೇಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕ್ ಮುಳುಗಿದ ಮೇಲೆ ಪೆಟ್ರೋಲ್ ಬೆಲೆ ಇಳಿಯಿತು, ಆದರೆ ಸಾಲ ಸಿಗುವುದು ನಿಂತುಹೋಯಿತು. ಅಮೆರಿಕದಲ್ಲಿ ಹೆಚ್ಚಿನವರು ಕಾರು ಕೊಳ್ಳುವುದು ಸಾಲದ ಮೇಲೇ. ಸಾಲ ನಿಂತರೆ ಶೋರೂಮ್‌ನಲ್ಲಿ ನೊಣ ಹೊಡೆಯಬೇಕು.

2008ರಲ್ಲಿ ಜಿಎಂ ಸುಮಾರು 31 ಬಿಲಿಯನ್ ಡಾಲರ್ ನಷ್ಟ ತೋರಿಸಿತು. ಅದೇ ವರ್ಷ ಜಗತ್ತಿನಲ್ಲೇ ಅತಿ ಹೆಚ್ಚು ವಾಹನ ಮಾರುವ ಕಂಪನಿ ಅನ್ನುವ ಪಟ್ಟವೂ ಟೊಯೋಟಾಕ್ಕೆ ಹೋಯಿತು. 77 ವರ್ಷ ಜಿಎಂ ಬಳಿಯೇ ಇದ್ದ ಪಟ್ಟ ಅದು.

ಹಳೆಯ ಸಾಲ

ಕಾರಿನ ಬಗ್ಗೆ ಅಭಿಪ್ರಾಯ ಕಾರಿಗಿಂತ ಜಾಸ್ತಿ ಬಾಳಿಕೆ ಬರುತ್ತದೆ. 2008ರಲ್ಲಿ ಐವತ್ತು ವರ್ಷ ಆಗಿದ್ದ ಒಬ್ಬ ಅಮೆರಿಕನ್ ತನ್ನ ಮೊದಲ ಕಾರು ಓಡಿಸಿದ್ದು 1970ರ ದಶಕದಲ್ಲಿ. ಆಗ ಸಣ್ಣ ಕಾರು ಅಂದರೆ ಷೆವ್ರೊಲೆ ವೇಗಾ, ಫೋರ್ಡ್ ಪಿಂಟೊ. ವೇಗಾದ ಮಡ್‌ಗಾರ್ಡ್‌ಗಳು ಬೇಗ ತುಕ್ಕು ಹಿಡಿಯುತ್ತಿದ್ದವು, ಅಲ್ಯೂಮಿನಿಯಂ ಎಂಜಿನ್ ಬಿಸಿಯಾಗಿ ಹಾಳಾಗುತ್ತಿತ್ತು. ಪಿಂಟೊಗೆ ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕ್‌ಗೆ ಬೆಂಕಿ ಹತ್ತುವ ಅಪಾಯವಿತ್ತು. 1980ರ ದಶಕದಲ್ಲಿ ಜಿಎಂ ತನ್ನ ಸಾಧಾರಣ ಷೆವ್ರೊಲೆ ಕ್ಯಾವಲಿಯರ್‌ನ ಒಡಹುಟ್ಟಿನ ಕಾರಿಗೆ ಲೆದರ್ ಸೀಟು ಹಾಕಿ, ಕ್ಯಾಡಿಲಾಕ್ ಸಿಮರಾನ್ ಅಂತ ಹೆಸರಿಟ್ಟು, ದುಬಾರಿ ಬೆಲೆಗೆ ಮಾರಲು ಹೊರಟಿತು. ಜನ ಪೆದ್ದರಲ್ಲ, ಅಲ್ವಾ? ಕ್ಯಾಡಿಲಾಕ್ ಹೆಸರಿಗೆ ಬಿದ್ದ ಆ ಮಸಿ ಒರೆಸಲು ಇಪ್ಪತ್ತು ವರ್ಷ ಹಿಡಿಯಿತು.

ಇದೇ ಹೊತ್ತಿಗೆ ಹೋಂಡಾ, ಟೊಯೋಟಾ ಬಂದವು. ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿದ್ದವು, ಅಷ್ಟೇ. ಆ ಅಷ್ಟೇ ಅನ್ನುವುದು ಸಾಕಾಗಿತ್ತು. ಒಮ್ಮೆ ಬಾಯಿ ಸುಟ್ಟುಕೊಂಡವರು ತಿರುಗಿ ನೋಡಲಿಲ್ಲ. ಅವರ ಮಕ್ಕಳಂತೂ ಡೆಟ್ರಾಯಿಟ್ ಶೋರೂಮ್‌ನ ಮೆಟ್ಟಿಲೇ ಹತ್ತಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕುಟುಂಬಗಳಿಗೆ ಲೆಕ್ಕವಿಲ್ಲ.

ಹಾಗಾದರೆ ಈ ಜನ ಹೊಸ ಅಮೆರಿಕನ್ ಕಾರನ್ನು ಮುಟ್ಟಿ ನೋಡುತ್ತಿದ್ದದ್ದು ಎಲ್ಲಿ? ವಿಮಾನ ನಿಲ್ದಾಣದಲ್ಲಿ. ಡೆಟ್ರಾಯಿಟ್ ಕಂಪನಿಗಳು ಕಾರ್ಖಾನೆ ನಿಲ್ಲಿಸದೆ ನಡೆಸಲು ಉಳಿದ ಕಾರುಗಳನ್ನು ಕಡಿಮೆ ಬೆಲೆಗೆ ಬಾಡಿಗೆ ಕಂಪನಿಗಳಿಗೆ ಸುರಿಯುತ್ತಿದ್ದವು. ಅದೂ ಅತಿ ಅಗ್ಗದ ಮಾದರಿ. ಗಟ್ಟಿ ಪ್ಲಾಸ್ಟಿಕ್ ಡ್ಯಾಶ್‌ಬೋರ್ಡ್, ದುರ್ಬಲ ಎಂಜಿನ್. ಒಂದು ವರ್ಷ ಕಂಡಕಂಡವರೆಲ್ಲ ಓಡಿಸಿದ ಮೇಲೆ ಅವೇ ಕಾರುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಒಟ್ಟಿಗೆ ಬಂದು ಬೀಳುತ್ತಿದ್ದವು. ಆ ಮಾದರಿಯ ರಿಸೇಲ್ ಬೆಲೆ ಕುಸಿಯುತ್ತಿತ್ತು. ರಿಸೇಲ್ ಇಲ್ಲ ಅಂದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ತಾನೇ ತೋಡಿದ ಗುಂಡಿ ಇದು. ಬ್ಯೂಕ್ ಪಟ್ಟಿಯ ತುದಿಗೆ ಹೋದಾಗಲೂ ನಂಬುವವರು ಕಡಿಮೆ ಇದ್ದದ್ದಕ್ಕೆ ಇದೂ ಒಂದು ಕಾರಣ.

ನೆನಪು ಊರಿಂದ ಊರಿಗೆ ಬೇರೆಯಾಗುತ್ತದೆ, ಅದನ್ನೂ ಹೇಳಬೇಕು. ಡೆಟ್ರಾಯಿಟ್ ಸುತ್ತಮುತ್ತ ಮನೆಗೊಬ್ಬರು ಕಾರು ಕಂಪನಿಯಲ್ಲೋ ಬಿಡಿಭಾಗದ ಕಾರ್ಖಾನೆಯಲ್ಲೋ ಇರುತ್ತಾರೆ. ನೌಕರರ ರಿಯಾಯಿತಿ ಮನೆಯವರಿಗೂ ಸಿಗುತ್ತದೆ. ಫೋರ್ಡ್‌ನಲ್ಲಿ ಅದಕ್ಕೆ 'ಎ ಪ್ಲಾನ್' ಅಂತಲೇ ಹೆಸರು. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಇರುವ ನಮ್ಮ ಕನ್ನಡದ ಎಂಜಿನಿಯರ್‌ಗಳ ಮನೆ ಮುಂದೆ ಷೆವ್ರೊಲೆಯೋ ಫೋರ್ಡೋ ನಿಂತಿದ್ದರೆ ಅಚ್ಚರಿ ಇಲ್ಲ. ಅದೇ ಕ್ಯಾಲಿಫೋರ್ನಿಯಾದ ಸನಿವೇಲ್, ಕ್ಯುಪರ್ಟಿನೊ ಕಡೆ ಹೋದರೆ ಕ್ಯಾಮ್ರಿ, ಅಕಾರ್ಡ್, ಮಕ್ಕಳಾದ ಮೇಲೆ ಹೋಂಡಾ ಒಡಿಸ್ಸಿ ವ್ಯಾನ್. ಹೊಸದಾಗಿ ಬಂದವರಿಗೆ ಸ್ನೇಹಿತರು ಹೇಳುವ ಮಾತೂ ಅದೇ: ಸುಮ್ನೆ ಒಂದು ಕೊರೊಲ್ಲಾ ತಗೋ, ಮಾರುವಾಗ ಕಾಸು ಬರುತ್ತೆ.

ಕೈ ಎತ್ತಿ ಅಂದಾಗ

2008ರ ನವೆಂಬರ್ 18 ಮತ್ತು 19ರಂದು ಮೂರು ಕಂಪನಿಗಳ ಮುಖ್ಯಸ್ಥರು ವಾಷಿಂಗ್ಟನ್‌ಗೆ ಬಂದರು. ಜಿಎಂನ ವ್ಯಾಗನರ್, ಫೋರ್ಡ್‌ನ ಅಲನ್ ಮುಲಾಲಿ, ಕ್ರೈಸ್ಲರ್‌ನ ರಾಬರ್ಟ್ ನಾರ್ಡೆಲ್ಲಿ. ಕೇಳಲು ಬಂದದ್ದು 25 ಬಿಲಿಯನ್ ಡಾಲರ್ ಸಾಲ.

ಎರಡನೆಯ ದಿನ ಕ್ಯಾಲಿಫೋರ್ನಿಯಾದ ಸಂಸದ ಬ್ರ್ಯಾಡ್ ಶೆರ್ಮನ್ ಒಂದು ಸರಳ ಪ್ರಶ್ನೆ ಕೇಳಿದರು. ಇಲ್ಲಿಗೆ ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ ಬಂದವರು ಕೈ ಎತ್ತಿ ಅಂದರು. ಮೂವರಲ್ಲಿ ಯಾರ ಕೈಯೂ ಏಳಲಿಲ್ಲ. ಈಗಲೇ ನಿಮ್ಮ ಜೆಟ್ ಮಾರಿ ಸಾಮಾನ್ಯ ವಿಮಾನದಲ್ಲಿ ವಾಪಸ್ ಹೋಗುವವರು ಕೈ ಎತ್ತಿ ಅಂದರು. ಆಗಲೂ ಇಲ್ಲ. ಯಾರೂ ಕೈ ಎತ್ತಲಿಲ್ಲ ಅಂತ ಕಡತದಲ್ಲಿ ದಾಖಲಾಗಲಿ ಅಂದು ಅವರು ಮುಂದೆ ಹೋದರು. ನ್ಯೂಯಾರ್ಕ್‌ನ ಗ್ಯಾರಿ ಆಕರ್‌ಮನ್, ಗಂಜಿ ಕೇಂದ್ರದ ಸಾಲಿಗೆ ಸೂಟು-ಟೋಪಿ ಹಾಕಿಕೊಂಡು ಬಂದ ಹಾಗಿದೆ ಅಂದರು.

ಟಿವಿಯಲ್ಲಿ ಆ ತುಣುಕು ದಿನವಿಡೀ ಓಡಿತು. ಜೆಟ್‌ನ ಖರ್ಚು ಕಂಪನಿಯ ನಷ್ಟದ ಮುಂದೆ ಏನೇನೂ ಅಲ್ಲ. ಆದರೆ ಮನೆ ಕಂತು ಕಟ್ಟಲಾಗದೆ ಕೂತವನಿಗೆ 31 ಬಿಲಿಯನ್ ಅರ್ಥವಾಗುವುದಿಲ್ಲ, ಜೆಟ್ ಅರ್ಥವಾಗುತ್ತದೆ. ಡಿಸೆಂಬರ್‌ನಲ್ಲಿ ಮತ್ತೆ ಬಂದಾಗ ಮೂವರೂ ಡೆಟ್ರಾಯಿಟ್‌ನಿಂದ ಕಾರಿನಲ್ಲೇ ಬಂದರು. ಮುಲಾಲಿ ಫೋರ್ಡ್ ಎಸ್ಕೇಪ್ ಹೈಬ್ರಿಡ್‌ನಲ್ಲಿ, ವ್ಯಾಗನರ್ ಷೆವ್ರೊಲೆ ಮಾಲಿಬು ಹೈಬ್ರಿಡ್‌ನಲ್ಲಿ. ಅದಕ್ಕೂ ಜನ ನಕ್ಕರು. ಈ ಸಲ ಕೇಳಿದ್ದು 34 ಬಿಲಿಯನ್.

ಕಾರ್ಮಿಕರ ಮೇಲೂ ಸಿಟ್ಟಿತ್ತು. ಡೆಟ್ರಾಯಿಟ್ ಕಾರ್ಮಿಕನಿಗೆ ಗಂಟೆಗೆ 70 ಡಾಲರ್ ಸಂಬಳ ಅನ್ನುವ ಮಾತು ಎಲ್ಲೆಡೆ ಹಬ್ಬಿತು. ನಿಜವಾಗಿ ಕೈಗೆ ಬರುತ್ತಿದ್ದ ಕೂಲಿ ಗಂಟೆಗೆ 28 ಡಾಲರ್ ಆಸುಪಾಸು. ಉಳಿದದ್ದು ಇನ್ನಿತರ ಸೌಲಭ್ಯಗಳು, ಜೊತೆಗೆ ಈಗಾಗಲೇ ನಿವೃತ್ತರಾದ ಲಕ್ಷಾಂತರ ಜನರ ಪಿಂಚಣಿ, ಆಸ್ಪತ್ರೆ ಖರ್ಚು. ಅದನ್ನೆಲ್ಲ ಈಗ ದುಡಿಯುವವರ ಗಂಟೆಗಳಿಗೆ ಭಾಗಿಸಿ ಬಂದ ಸಂಖ್ಯೆ ಅದು. ನಿವೃತ್ತರ ಆರೋಗ್ಯದ ಹೊರೆ ಒಂದೊಂದು ಕಾರಿನ ಮೇಲೂ ಸಾವಿರ ಡಾಲರ್‌ಗಿಂತ ಹೆಚ್ಚು ಬೀಳುತ್ತಿತ್ತು. ಆ ಸಾವಿರ ಡಾಲರನ್ನು ಟೊಯೋಟಾ ಒಳ್ಳೆಯ ಡ್ಯಾಶ್‌ಬೋರ್ಡ್‌ಗೆ ಹಾಕುತ್ತಿತ್ತು, ಜಿಎಂ ಅಜ್ಜಂದಿರ ಔಷಧಿಗೆ ಹಾಕುತ್ತಿತ್ತು. ಜನ ಅಗ್ಗದ ಪ್ಲಾಸ್ಟಿಕ್ ಅಂತ ಮೂಗು ಮುರಿದದ್ದರ ಹಿಂದೆ ಈ ಲೆಕ್ಕವೂ ಇತ್ತು.

ಇಲ್ಲಿ 1982ನ್ನು ನೆನೆಯಬೇಕು. ಆಗಲೂ ಹಿಂಜರಿತ, ಆಗಲೂ ಡೆಟ್ರಾಯಿಟ್‌ನಲ್ಲಿ ಕೆಲಸ ಹೋಗುತ್ತಿತ್ತು. ಆಗಿನ ಸಿಟ್ಟು ಹೊರಗಿನವರ ಮೇಲೆ. ಜಪಾನ್ ಕಾರುಗಳನ್ನು ಸುತ್ತಿಗೆಯಿಂದ ಒಡೆಯುವ ಪ್ರದರ್ಶನಗಳು ನಡೆಯುತ್ತಿದ್ದವು. ಆ ಜೂನ್‌ನಲ್ಲಿ ಡೆಟ್ರಾಯಿಟ್‌ಗೆ ಅಂಟಿಕೊಂಡ ಹೈಲ್ಯಾಂಡ್ ಪಾರ್ಕ್ ಅನ್ನುವ ಊರಿನಲ್ಲಿ ವಿನ್ಸೆಂಟ್ ಚಿನ್ ಅನ್ನುವ ಚೀನೀ ಮೂಲದ ಯುವಕನನ್ನು ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಒಬ್ಬ ಕ್ರೈಸ್ಲರ್ ಮೇಲ್ವಿಚಾರಕ, ಇನ್ನೊಬ್ಬ ಕೆಲಸ ಕಳೆದುಕೊಂಡ ಅವನ ಮಲಮಗ. ನಿಮ್ಮಿಂದಲೇ ನಮ್ಮ ಕೆಲಸ ಹೋಯಿತು ಅಂತ ಬೈದದ್ದನ್ನು ಸಾಕ್ಷಿ ಹೇಳಿದರು. ಕೋರ್ಟ್ ಕೊಟ್ಟದ್ದು ಮೂರು ವರ್ಷದ ಪ್ರೊಬೇಷನ್, 3,000 ಡಾಲರ್ ದಂಡ. ಕೊಲೆಗಾರರು ಜೈಲು ಶಿಕ್ಷೆ ಅನುಭವಿಸಲೇ ಇಲ್ಲ. ಏಷ್ಯಾ ಮೂಲದ ಅಮೆರಿಕನ್ನರು ಈ ಹೆಸರನ್ನು ಮರೆತಿಲ್ಲ.

2008ರಲ್ಲಿ ಸಿಟ್ಟು ಹಾಗೆ ಹೊರಗೆ ಹರಿಯಲಿಲ್ಲ. ಅಷ್ಟರಲ್ಲಿ ಹೋಂಡಾ ಒಹಾಯೊದಲ್ಲಿ, ಟೊಯೋಟಾ ಕೆಂಟಕಿಯಲ್ಲಿ, ನಿಸಾನ್ ಟೆನೆಸಿಯಲ್ಲಿ, ಹ್ಯುಂಡೈ ಅಲಬಾಮಾದಲ್ಲಿ ಕಾರು ಮಾಡುತ್ತಿದ್ದವು. ಸಾಲದ ಮಸೂದೆಯನ್ನು ಸೆನೆಟ್‌ನಲ್ಲಿ ಜೋರಾಗಿ ವಿರೋಧಿಸಿದವರಲ್ಲಿ ಮುಂದಿದ್ದವರು ಅಲಬಾಮಾದ ರಿಚರ್ಡ್ ಶೆಲ್ಬಿ, ಟೆನೆಸಿಯ ಬಾಬ್ ಕಾರ್ಕರ್. ಅವರ ಊರಿನ ಮತದಾರರಿಗೆ ವಿದೇಶಿ ಕಂಪನಿಯೇ ಅನ್ನದಾತ. ಮಸೂದೆ ಡಿಸೆಂಬರ್ 11ರಂದು ಸೆನೆಟ್‌ನಲ್ಲಿ ಬಿದ್ದುಹೋಯಿತು. ಕೊನೆಗೆ ಡಿಸೆಂಬರ್ 19ರಂದು ಅಧ್ಯಕ್ಷ ಬುಷ್ ಬ್ಯಾಂಕುಗಳಿಗೆಂದು ಇಟ್ಟಿದ್ದ ನಿಧಿಯಿಂದ 17.4 ಬಿಲಿಯನ್ ಡಾಲರ್ ಕೊಡುವುದಾಗಿ ಘೋಷಿಸಿದರು. ಬುಷ್ ಅಂದರೆ ಕೆಲವರಿಗೆ ಈಗ ಆಶ್ಚರ್ಯ. ಜನರ ನೆನಪಿನಲ್ಲಿ ಇದೆಲ್ಲ ಒಬಾಮಾ ಲೆಕ್ಕಕ್ಕೇ ಹೋಗಿದೆ.

ನಾಳೆ ಸ್ಪೇರ್ ಪಾರ್ಟ್ಸ್ ಯಾರು ಕೊಡುತ್ತಾರೆ?

ವಿಮಾನಯಾನ ಕಂಪನಿ ದಿವಾಳಿಯಾದರೂ ಜನ ಅದರ ಟಿಕೆಟ್ ಕೊಳ್ಳುತ್ತಾರೆ. ನಾಳೆ ಊರಿಗೆ ತಲುಪಿಸಿದರೆ ಸಾಕು. ಕಾರು ಹಾಗಲ್ಲ. ಐದು ವರ್ಷ ಕಂತು, ಹತ್ತು ವರ್ಷ ಸರ್ವಿಸ್, ಆಮೇಲೆ ಮಾರಾಟ. ಕಂಪನಿ ಮುಚ್ಚಿದರೆ ವಾರಂಟಿ ಬರೀ ಕಾಗದ. ಡೀಲರ್ ಬಾಗಿಲು ಹಾಕಿದರೆ ಸರ್ವಿಸ್‌ಗೆ ಮುಂದಿನ ಊರಿಗೆ ಓಡಬೇಕು. ಜಿಎಂ ದಿವಾಳಿ ಅರ್ಜಿ ಹಾಕುವುದನ್ನು ತಿಂಗಳುಗಟ್ಟಲೆ ಮುಂದೂಡಿದ್ದಕ್ಕೆ ವ್ಯಾಗನರ್ ಕೊಟ್ಟ ಕಾರಣವೂ ಇದೇ: ದಿವಾಳಿಯಾದ ಕಂಪನಿಯ ಕಾರನ್ನು ಜನ ಕೊಳ್ಳುವುದಿಲ್ಲ.

ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಧರ್ಮಸ್ಥಳ, ಕೊಡಗಿನ ರಸ್ತೆ ತುಂಬಾ ಷೆವ್ರೊಲೆ ತವೇರಾ ಟ್ಯಾಕ್ಸಿಗಳೇ ಇದ್ದವು. 2017ರ ಕೊನೆಗೆ ಷೆವ್ರೊಲೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. 2021ರಲ್ಲಿ ಫೋರ್ಡ್ ಇಲ್ಲಿನ ಉತ್ಪಾದನೆಗೆ ತೆರೆ ಎಳೆಯುವುದಾಗಿ ಘೋಷಿಸಿತು. ಎಕೋಸ್ಪೋರ್ಟ್ ಚೆನ್ನಾಗಿ ಓಡುತ್ತಿದ್ದರೂ ಅದರ ಮಾಲೀಕರು ಆ ದಿನ ಮೊದಲು ಯೋಚಿಸಿದ್ದು ರಿಸೇಲ್ ಬಗ್ಗೆ. ಕಾರಿನಲ್ಲಿ ಆ ದಿನ ಏನೂ ಕೆಟ್ಟಿರಲಿಲ್ಲ.

2009ರ ಮಾರ್ಚ್ 30ರಂದು ಒಬಾಮಾ ಮಾಡಿದ ಭಾಷಣದಲ್ಲಿ ಅದಕ್ಕೇ ಒಂದು ವಿಚಿತ್ರ ಘೋಷಣೆ ಇತ್ತು. ಜಿಎಂ, ಕ್ರೈಸ್ಲರ್ ಕಾರುಗಳ ವಾರಂಟಿಗೆ ಇಂದಿನಿಂದ ಅಮೆರಿಕ ಸರ್ಕಾರವೇ ಹೊಣೆ, ನಿಮ್ಮ ವಾರಂಟಿ ಹಿಂದೆಂದಿಗಿಂತ ಭದ್ರ ಅಂದರು. ಒಂದು ದೇಶದ ಅಧ್ಯಕ್ಷ ಗೇರ್‌ಬಾಕ್ಸ್‌ಗೆ ಗ್ಯಾರಂಟಿ ಕೊಟ್ಟ ಹಾಗೆ! ನಗು ಬಂದರೂ ಮದ್ದು ಸರಿಯಾದದ್ದೇ. ರೋಗ ಕಾರಿನಲ್ಲಿ ಇರಲಿಲ್ಲ, ಕಂಪನಿಯ ಆಯಸ್ಸಿನಲ್ಲಿತ್ತು.

ಈ ಭಯವನ್ನು ಎಲ್ಲರಿಗಿಂತ ಮೊದಲು ಓದಿದ್ದು ಡೆಟ್ರಾಯಿಟ್ ಅಲ್ಲ, ಕೊರಿಯಾದ ಹ್ಯುಂಡೈ. ಆದರೆ ಅದು ಓದಿದ್ದು ಗ್ರಾಹಕನ ಭಯದ ಇನ್ನೊಂದು ಮುಖ. 2009ರ ಜನವರಿಯಲ್ಲಿ, ನಮ್ಮ ಕಾರು ಕೊಂಡು ಒಂದು ವರ್ಷದೊಳಗೆ ನಿಮ್ಮ ಕೆಲಸ ಹೋದರೆ ಕಾರು ವಾಪಸ್ ಕೊಡಿ ಅಂತ ಜಾಹೀರಾತು ಕೊಟ್ಟಿತು. ಆ ವರ್ಷ ಇಡೀ ಮಾರುಕಟ್ಟೆ 21 ಶೇಕಡಾ ಕುಸಿದಾಗ ಹ್ಯುಂಡೈ ಮಾರಾಟ 8 ಶೇಕಡಾ ಏರಿತು. ಮಾರ್ಚ್ ಮುಗಿಯುವಾಗ ಜಿಎಂ, ಫೋರ್ಡ್ ಕೂಡ ಅದೇ ದಾರಿ ಹಿಡಿದವು. ತಡವಾಗಿ.

ಫೋರ್ಡ್‌ಗೆ ಸಿಕ್ಕ ಪುಣ್ಯ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಫೋರ್ಡ್‌ನ ಭಾಗ. ಜಿಎಂ ಮತ್ತು ಫೋರ್ಡ್ ಇಬ್ಬರೂ ಒಂದೇ ಊರಿನವರು, ಒಂದೇ ಕಾರ್ಮಿಕ ಸಂಘ, ಒಂದೇ ಬಿಡಿಭಾಗದ ಪೂರೈಕೆದಾರರು, ಹಳೆಯ ಪಾಪವೂ ಹೆಚ್ಚೂಕಡಿಮೆ ಒಂದೇ. ಬೇರೆ ಇದ್ದದ್ದು ಒಂದು. 2006ರಲ್ಲಿ, ಬ್ಯಾಂಕುಗಳು ಕರೆದು ಸಾಲ ಕೊಡುತ್ತಿದ್ದ ಕಾಲದಲ್ಲಿ, ಫೋರ್ಡ್ ತನ್ನ ಕಾರ್ಖಾನೆ, ಪೇಟೆಂಟು, ಕೊನೆಗೆ ಆ ನೀಲಿ ಲೋಗೋವನ್ನೂ ಅಡವಿಟ್ಟು 23.6 ಬಿಲಿಯನ್ ಡಾಲರ್ ಎತ್ತಿತ್ತು. ಆಗ ನೋಡಿದವರು ದಿಕ್ಕೆಟ್ಟಿದೆ ಅಂದುಕೊಂಡರು. 2008ರಲ್ಲಿ ಆ ದುಡ್ಡೇ ಜೀವ ಉಳಿಸಿತು. ತುರ್ತು ಸಾಲ ಬೇಡ ಅಂತ ಫೋರ್ಡ್ ಹಿಂದೆ ಸರಿಯಿತು.

2009ರ ಮಾರಾಟ ನೋಡಿ. ಕ್ರೈಸ್ಲರ್ ಸುಮಾರು 36 ಶೇಕಡಾ ಬಿತ್ತು, ಜಿಎಂ 30, ಟೊಯೋಟಾ 20, ಫೋರ್ಡ್ 15. ಫೋರ್ಡ್‌ನ ಮಾರುಕಟ್ಟೆ ಪಾಲು ವರ್ಷದ ಲೆಕ್ಕದಲ್ಲಿ 1995ರ ನಂತರ ಮೊದಲ ಸಲ ಏರಿತು. ವರ್ಷದ ಕೊನೆಗೆ 2.7 ಬಿಲಿಯನ್ ಲಾಭವನ್ನೂ ತೋರಿಸಿತು.

ಫೋರ್ಡ್ ಕಾರು ಆ ವರ್ಷ ಚೆನ್ನಾಗಿಯೂ ಇತ್ತು ಅನ್ನುವುದು ನಿಜ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ಸಮೀಕ್ಷೆಯಲ್ಲಿ ಫ್ಯೂಷನ್ ಕಾರು ಕ್ಯಾಮ್ರಿ, ಅಕಾರ್ಡ್‌ಗಳನ್ನೂ ಹಿಂದೆ ಹಾಕಿತು. ಆದರೆ ಬ್ಯೂಕ್ ಕೂಡ ಪಟ್ಟಿಯಲ್ಲಿ ಗೆದ್ದಿತ್ತಲ್ಲ? ಮಾಲಿಬುಗೂ ಒಳ್ಳೆಯ ವಿಮರ್ಶೆ ಬಂದಿತ್ತು. ಒಂದರ ಹೊಗಳಿಕೆ ಮಾರಾಟವಾಗಿ ಬದಲಾಯಿತು, ಇನ್ನೊಂದರದು ಆಗಲಿಲ್ಲ. ಫೋರ್ಡ್ ನಾಳೆಯೂ ಇರುತ್ತದೆ ಅನ್ನುವ ನಂಬಿಕೆ ಇತ್ತು, ನಮ್ಮ ತೆರಿಗೆ ದುಡ್ಡು ಮುಟ್ಟಲಿಲ್ಲ ಅನ್ನುವ ಮೆಚ್ಚುಗೆ ಇತ್ತು. ಜಿಎಂಗೆ ಅತ್ತ ಸರ್ಕಾರವೇ 60 ಶೇಕಡಾಕ್ಕಿಂತ ಹೆಚ್ಚು ಪಾಲಿನ ಒಡೆಯ. ಜಿಎಂ ಅಂದರೆ 'ಗವರ್ನಮೆಂಟ್ ಮೋಟಾರ್ಸ್' ಅಂತ ಜನ ಆಡಿಕೊಂಡರು.

ಒಂದು ಮಾತು ಮಾತ್ರ ಜನರ ಕಿವಿಗೆ ಅಷ್ಟಾಗಿ ಬೀಳಲಿಲ್ಲ. ಇಂಧನ ಉಳಿಸುವ ಕಾರು ಮಾಡಲೆಂದು ಫೋರ್ಡ್ ಅದೇ 2009ರಲ್ಲಿ ಅಮೆರಿಕದ ಇಂಧನ ಇಲಾಖೆಯಿಂದ 5.9 ಬಿಲಿಯನ್ ಡಾಲರ್ ಸಾಲ ಪಡೆದಿತ್ತು. ಜಿಎಂ, ಕ್ರೈಸ್ಲರ್‌ಗೆ ಸರ್ಕಾರ ದುಡ್ಡು ಕೊಡಲಿ ಅಂತ ವಾದಿಸಿದ್ದೂ ಇದೇ ಫೋರ್ಡ್. ಅವು ಮುಳುಗಿದರೆ ಬಿಡಿಭಾಗದ ಕಂಪನಿಗಳು ಮುಳುಗುತ್ತವೆ, ಆಮೇಲೆ ತನ್ನ ಕಾರ್ಖಾನೆಯೂ ನಿಲ್ಲುತ್ತದೆ ಅಂತ ಅದಕ್ಕೆ ಗೊತ್ತಿತ್ತು.

ಯಾವುದು ಅಮೆರಿಕದ ಕಾರು?

ಆ ಫ್ಯೂಷನ್ ತಯಾರಾಗುತ್ತಿದ್ದದ್ದು ಮೆಕ್ಸಿಕೊದ ಎರ್ಮೊಸಿಯೊದಲ್ಲಿ. ಅದನ್ನು ಸೋಲಿಸಬೇಕಿದ್ದ ಕ್ಯಾಮ್ರಿ ತಯಾರಾಗುತ್ತಿದ್ದದ್ದು ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ. ಕಾರ್ಸ್ ಡಾಟ್ ಕಾಮ್ ತಾಣ ಎಲ್ಲಿ ಜೋಡಣೆ, ಎಷ್ಟು ಬಿಡಿಭಾಗ ದೇಶದ್ದು, ಎಷ್ಟು ಮಾರಾಟ ಅಂತ ಲೆಕ್ಕ ಹಾಕಿ ಪ್ರತಿವರ್ಷ 'ಅತ್ಯಂತ ಅಮೆರಿಕನ್' ಕಾರುಗಳ ಪಟ್ಟಿ ಮಾಡುತ್ತಿತ್ತು. 2009ರಲ್ಲಿ ಅದರ ತುದಿಗೆ ಬಂದದ್ದು ಟೊಯೋಟಾ ಕ್ಯಾಮ್ರಿ. ದೇಶಪ್ರೇಮಕ್ಕಾಗಿ ಕಾರು ಕೊಳ್ಳಬೇಕು ಅಂದುಕೊಂಡವನು ಆ ವರ್ಷ ಶೋರೂಮ್ ಮುಂದೆ ತಲೆ ಕೆರೆದುಕೊಂಡು ನಿಂತಿರಬೇಕು.

ಈ ಗೊಂದಲವನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಿದ ಹಾಗೆ ಒಂದು ಕಾರ್ಖಾನೆ ಇತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಲ್ಲಿದ್ದ ಜಿಎಂ ಕಾರ್ಖಾನೆ ಗೈರುಹಾಜರಿಗೆ, ಕುಡಿತಕ್ಕೆ, ಜಗಳಕ್ಕೆ ಹೆಸರಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಸೇರಿ ಅದನ್ನೇ ನಮ್ಮಿ ಅನ್ನುವ ಹೆಸರಲ್ಲಿ ತೆರೆದವು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಅದೇ ಹಳೆಯ ಕಾರ್ಮಿಕರು. ಬದಲಾದದ್ದು ಕೆಲಸದ ರೀತಿ. ಕಾರು ಜೋಡಿಸುವ ಸಾಲಿನ ಪಕ್ಕ ಒಂದು ಹಗ್ಗ ಕಟ್ಟಿದ್ದರು. ಬೋಲ್ಟ್ ಸರಿಯಾಗಿ ಕೂರಲಿಲ್ಲ ಅಂದರೆ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ದೀಪ ಹತ್ತಿಕೊಳ್ಳುತ್ತದೆ, ತಂಡದ ಹಿರಿಯ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹಳೆಯ ಜಿಎಂನಲ್ಲಿ ಸಾಲು ನಿಲ್ಲಿಸುವುದು ಮಹಾಪರಾಧ. ಕೆಟ್ಟ ಕಾರು ಹಾಗೇ ಮುಂದೆ ಹೋಗಿ ಹೊರಗಿನ ಅಂಗಳದಲ್ಲಿ ರಿಪೇರಿಗೆ ಕಾಯುತ್ತಿತ್ತು. ಅಮೆರಿಕನ್ ಕೆಲಸಗಾರನಿಗೆ ಒಳ್ಳೆಯ ಕಾರು ಮಾಡಲು ಬರುವುದಿಲ್ಲ ಅನ್ನುವ ಮಾತು ಸುಳ್ಳಾಗಲು ಫ್ರೀಮಾಂಟ್‌ನಲ್ಲಿ ಹೆಚ್ಚು ಕಾಲ ಹಿಡಿಯಲಿಲ್ಲ.

ಆ ಸಾಲಿನಲ್ಲಿ ಒಂದು ಕಾರು ಟೊಯೋಟಾ ಕೊರೊಲ್ಲಾ, ಇನ್ನೊಂದು ಜಿಎಂನ ಜಿಯೊ ಪ್ರಿಜ್ಮ್. ಒಳಗಿನದೆಲ್ಲ ಹೆಚ್ಚೂಕಡಿಮೆ ಒಂದೇ, ಲೋಗೋ ಬೇರೆ. ಪ್ರಿಜ್ಮ್ ಮಾರಲು ಜಿಎಂ ರಿಯಾಯಿತಿ ಕೊಡಬೇಕಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಬೆಲೆಯೂ ಕೊರೊಲ್ಲಾಗಿಂತ ಕಡಿಮೆ. ಗೊತ್ತಿದ್ದ ಜಾಣರು ಪ್ರಿಜ್ಮ್ ಕೊಂಡು ಕೊರೊಲ್ಲಾ ಓಡಿಸಿದರು. ಆಮೇಲೆ ಅಲ್ಲಿ ಪಾಂಟಿಯಾಕ್ ವೈಬ್ ಬಂತು. ಅದು ಟೊಯೋಟಾ ಮ್ಯಾಟ್ರಿಕ್ಸ್‌ನ ಅವಳಿ. 2009ರ ಏಪ್ರಿಲ್‌ನಲ್ಲಿ ಜಿಎಂ ಪಾಂಟಿಯಾಕ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ವೈಬ್ ನಿಂತದ್ದು ಕಾರು ಕೆಟ್ಟದ್ದಾಗಿತ್ತು ಅಂತಲ್ಲ.

ಗಾಜಿನ ದ್ರಾವಣ

2009ರ ಬೇಸಿಗೆಯಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ಹಳೆಯ, ಪೆಟ್ರೋಲ್ ಕುಡಿಯುವ ವಾಹನ ಕೊಟ್ಟು ಹೆಚ್ಚು ಮೈಲೇಜಿನ ಹೊಸದು ಕೊಂಡರೆ 3,500 ಅಥವಾ 4,500 ಡಾಲರ್ ಸಹಾಯಧನ. ಒಂದು ಬಿಲಿಯನ್ ಡಾಲರ್ ಇಟ್ಟಿದ್ದರು, ಕೆಲವೇ ದಿನಗಳಲ್ಲಿ ಮುಗಿಯಿತು. ಇನ್ನೂ ಎರಡು ಬಿಲಿಯನ್ ಸೇರಿಸಿದರು. ಆಗಸ್ಟ್ ಕೊನೆಗೆ ಸುಮಾರು 6.8 ಲಕ್ಷ ಹಳೆಯ ವಾಹನಗಳು ಬಂದಿದ್ದವು.

ಬಂದ ಹಳೆಯ ಗಾಡಿ ಮತ್ತೆ ರಸ್ತೆಗೆ ಹೋಗಬಾರದು ಅನ್ನುವುದು ನಿಯಮ. ಡೀಲರ್ ಅಂಗಳದಲ್ಲೇ ಎಂಜಿನ್ ಆಯಿಲ್ ಇಳಿಸಿ, ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿಯುತ್ತಿದ್ದರು. ಆಮೇಲೆ ಸ್ಟಾರ್ಟ್ ಮಾಡಿ ಎಕ್ಸಿಲೇಟರ್ ಒತ್ತಿ ಹಿಡಿಯುವುದು. ಶಾಖಕ್ಕೆ ನೀರಿನಂಶ ಆರಿ, ಒಳಗೆಲ್ಲ ಗಾಜಿನಂತೆ ಗಟ್ಟಿಯಾಗಿ, ಕೆಲವು ನಿಮಿಷದಲ್ಲಿ ಎಂಜಿನ್ ಕಿರುಚಿ ನಿಂತುಬಿಡುತ್ತಿತ್ತು. ಚೆನ್ನಾಗಿ ಓಡುತ್ತಿದ್ದ ಎಂಜಿನ್‌ಗಳನ್ನು ಹೀಗೆ ಕೊಲ್ಲುವುದನ್ನು ನೋಡಲಾಗದೆ ಮುಖ ತಿರುಗಿಸಿದ ಮೆಕ್ಯಾನಿಕ್‌ಗಳು ಎಷ್ಟು ಜನವೋ.

ಅತಿ ಹೆಚ್ಚು ಬಂದ ಹತ್ತು ಹಳೆಯ ಮಾದರಿಗಳಲ್ಲಿ ಹತ್ತೂ ಡೆಟ್ರಾಯಿಟ್‌ನವೇ. ಮೊದಲ ಸ್ಥಾನ ಫೋರ್ಡ್ ಎಕ್ಸ್‌ಪ್ಲೋರರ್‌ಗೆ. ಅತಿ ಹೆಚ್ಚು ಹೋದ ಹೊಸ ಕಾರು ಟೊಯೋಟಾ ಕೊರೊಲ್ಲಾ. ಇದನ್ನು ಟಿವಿಯವರು ಡೆಟ್ರಾಯಿಟ್ ಮೇಲಿನ ಜನಾಭಿಪ್ರಾಯ ಅಂತ ತೋರಿಸಿದರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಡಿಮೆ ಮೈಲೇಜಿನ ಹಳೆಯ ಗಾಡಿ ಮಾತ್ರ ತನ್ನಿ ಅಂತ ನಿಯಮ ಇಟ್ಟರೆ ಎಸ್‌ಯುವಿ, ಪಿಕಪ್‌ಗಳೇ ಬರುತ್ತವೆ. ಅವನ್ನು ಹೆಚ್ಚು ಮಾಡಿದ್ದೇ ಡೆಟ್ರಾಯಿಟ್. ಹೊಸ ಮಾರಾಟದಲ್ಲಿ ಟೊಯೋಟಾ ಪಾಲು 19 ಶೇಕಡಾ ಆಸುಪಾಸು ಇದ್ದರೆ ಜಿಎಂ ಪಾಲೂ 17ರ ಮೇಲಿತ್ತು. ದಿವಾಳಿಯಿಂದ ಎದ್ದು ಆಗಿನ್ನೂ ವಾರಗಳಾಗಿದ್ದ ಕಂಪನಿಗೆ ಇದು ಸಣ್ಣ ಸಂಖ್ಯೆಯಲ್ಲ.

ಗಾಳಿ ತಿರುಗಿದ್ದು

2010ರ ಜನವರಿಯಲ್ಲಿ ಟೊಯೋಟಾ ಎಕ್ಸಿಲೇಟರ್ ಪೆಡಲ್ ಸಿಕ್ಕಿಹಾಕಿಕೊಳ್ಳುವ ದೋಷಕ್ಕೆ 23 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಎಂಟು ಮಾದರಿಗಳ ಮಾರಾಟ ನಿಲ್ಲಿಸಿತು. ಫೆಬ್ರವರಿ 24ರಂದು ಕಂಪನಿಯ ಆಗಿನ ಮುಖ್ಯಸ್ಥ ಅಕಿಯೊ ಟೊಯೋಡಾ ಅದೇ ವಾಷಿಂಗ್ಟನ್‌ನಲ್ಲಿ ಸಂಸದರ ಮುಂದೆ ಕೂತು ಕ್ಷಮೆ ಕೇಳಿದರು. ಆ ಪೆಡಲ್ ಮಾಡಿದ್ದು ಇಂಡಿಯಾನಾದ ಸಿಟಿಎಸ್ ಅನ್ನುವ ಅಮೆರಿಕನ್ ಕಂಪನಿ. ವಾಪಸ್ ಕರೆದ ಕಾರುಗಳ ಪಟ್ಟಿಯಲ್ಲಿ ಪಾಂಟಿಯಾಕ್ ವೈಬ್ ಕೂಡ ಇತ್ತು! ಹೆಸರು ಅಮೆರಿಕದ್ದು ಅಂತ ಕಡಿಮೆಗೆ ಹೋದ ಕಾರು, ಒಳಗಿನದು ಜಪಾನಿನದು ಅಂತ ಗ್ಯಾರೇಜ್‌ಗೆ ಹೋಯಿತು.

ಎಲೆಕ್ಟ್ರಾನಿಕ್ಸ್‌ನಲ್ಲಿ ಏನೋ ದೆವ್ವ ಇದೆ ಅನ್ನುವ ಗಾಬರಿಯೂ ಹಬ್ಬಿತು. 2011ರಲ್ಲಿ ನಾಸಾ ಎಂಜಿನಿಯರ್‌ಗಳು ಪರೀಕ್ಷಿಸಿ ಅಂಥ ದೋಷ ಕಾಣಲಿಲ್ಲ ಅಂದರು. ಆ ಹೊತ್ತಿಗೆ ಟೊಯೋಟಾ ಎಂದೂ ಕೈ ಕೊಡಲ್ಲ ಅನ್ನುವ ಮಾತಿನ ಹೊಳಪು ಸ್ವಲ್ಪ ಮಾಸಿತ್ತು. ಡೆಟ್ರಾಯಿಟ್ ಇದಕ್ಕಾಗಿ ಏನೂ ಮಾಡಿರಲಿಲ್ಲ, ಆದರೂ ಲಾಭ ಬಂತು. 2010ರ ನವೆಂಬರ್ 18ರಂದು, ಆ ಕೈ ಎತ್ತದ ವಿಚಾರಣೆ ಶುರುವಾದ ಎರಡು ವರ್ಷಕ್ಕೆ ಸರಿಯಾಗಿ, ಜಿಎಂ ಷೇರು 33 ಡಾಲರ್‌ಗೆ ಮಾರುಕಟ್ಟೆಗೆ ವಾಪಸ್ ಬಂತು. 2013ರ ಡಿಸೆಂಬರ್‌ನಲ್ಲಿ ಸರ್ಕಾರ ತನ್ನ ಕೊನೆಯ ಪಾಲು ಮಾರಿತು. ತೆರಿಗೆದಾರರಿಗೆ 10 ಬಿಲಿಯನ್ ಡಾಲರ್‌ಗಿಂತ ಹೆಚ್ಚು ನಷ್ಟವಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಜನ ಸುಮ್ನೆ ಅನುಮಾನಪಟ್ಟ ಕಥೆ ಆಗುತ್ತದೆ. ಹಾಗಲ್ಲ.

2014ರ ಫೆಬ್ರವರಿಯಲ್ಲಿ ಜಿಎಂ ಷೆವ್ರೊಲೆ ಕೋಬಾಲ್ಟ್ ಮತ್ತು ಇತರ ಸಣ್ಣ ಕಾರುಗಳನ್ನು ವಾಪಸ್ ಕರೆಯತೊಡಗಿತು. ಕೊನೆಗೆ 26 ಲಕ್ಷ ಆಯಿತು. ಇಗ್ನಿಷನ್ ಸ್ವಿಚ್ ತೀರಾ ಸಡಿಲ. ಕೀ ಗೊಂಚಲು ಭಾರವಿದ್ದರೆ ಅಥವಾ ಮೊಣಕಾಲು ತಾಗಿದರೆ, ಓಡುವಾಗಲೇ ಕೀ ಹಿಂದಕ್ಕೆ ಜಾರಿ ಎಂಜಿನ್ ಆಫ್. ಅದರ ಜೊತೆ ಪವರ್ ಸ್ಟಿಯರಿಂಗ್ ಇಲ್ಲ, ಏರ್‌ಬ್ಯಾಗ್ ಇಲ್ಲ. 124 ಸಾವುಗಳಿಗೆ ಪರಿಹಾರ ನಿಧಿ ಹಣ ಕೊಟ್ಟಿತು. ಕಂಪನಿಯ ಒಳಗೆ ಕೆಲವರಿಗೆ ಸ್ವಿಚ್ ವಿಷಯ ವರ್ಷಗಳ ಹಿಂದೆಯೇ ಗೊತ್ತಿತ್ತು. 2006ರಲ್ಲಿ ಸ್ವಿಚ್‌ನ ವಿನ್ಯಾಸ ಸದ್ದಿಲ್ಲದೆ ಬದಲಾಗಿತ್ತು, ಆದರೆ ಭಾಗದ ಸಂಖ್ಯೆಯನ್ನು ಬದಲಾಯಿಸಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಅಂತ ತನಿಖೆ ಮಾಡುವವರಿಗೇ ತಿಳಿಯದ ಹಾಗಾಯಿತು.

ಕೋಬಾಲ್ಟ್ ತಯಾರಾಗುತ್ತಿದ್ದದ್ದು ಒಹಾಯೊದ ಲಾರ್ಡ್ಸ್‌ಟೌನ್‌ನಲ್ಲಿ. ಹಿಂಜರಿತದ ವರ್ಷಗಳಲ್ಲಿ, ಅಮೆರಿಕದಲ್ಲೇ ಮಾಡಿದ ಅಗ್ಗದ ಸಣ್ಣ ಕಾರು ಬೇಕು ಅಂತ ಜಿಎಂ ಶೋರೂಮ್‌ಗೆ ಹೋದವನ ಕೈಗೆ ಬರುತ್ತಿದ್ದದ್ದು ಅದೇ. 1970ರ ದಶಕದಲ್ಲಿ ತುಕ್ಕು ಹಿಡಿಯುತ್ತಿದ್ದ ವೇಗಾ ಕೂಡ ಅದೇ ಕಾರ್ಖಾನೆಯಿಂದ ಹೊರಬಂದಿತ್ತು. ಕೋಬಾಲ್ಟ್ ಆದ ಮೇಲೆ ಅಲ್ಲಿ ಷೆವ್ರೊಲೆ ಕ್ರೂಜ್ ತಯಾರಾಯಿತು. ಪೆಟ್ರೋಲ್ ಅಗ್ಗವಾಗಿ ಜನ ಮತ್ತೆ ಎಸ್‌ಯುವಿಗಳ ಕಡೆ ವಾಲಿದರು. 2019ರ ಮಾರ್ಚ್‌ನಲ್ಲಿ ಜಿಎಂ ಲಾರ್ಡ್ಸ್‌ಟೌನ್‌ನಲ್ಲಿ ಕಾರು ಮಾಡುವುದನ್ನು ನಿಲ್ಲಿಸಿತು.